ತಪ್ಪು ಮಾಡದವರಿಗೆ ಶಿಕ್ಷೆಯಾದರೆ: ತೀರ್ಪಿನ ದಿನದಿಂದ ಮನೆಯವರು ಮಾಡಬೇಕಾದ ಕೆಲಸಗಳು

ತೀರ್ಪು ಓದಿ ಮುಗಿಯುತ್ತಿದ್ದಂತೆ ಪೊಲೀಸರು ತೋಳು ಹಿಡಿದು ಕರೆದೊಯ್ಯುತ್ತಾರೆ. ಮನೆಯವರು ವಕೀಲರ ಹಿಂದೆ ಓಡುತ್ತಾರೆ. ವಕೀಲರು ಹೇಳುವುದು ಒಂದೇ ಮಾತು: "ಚಿಂತೆ ಮಾಡ್ಬೇಡಿ, ಅಪೀಲು ಹೋಗೋಣ." ಮಾತೇನೋ ಸರಿ. ಆದರೆ ಹೋಗುವುದು ಯಾರು, ಎಷ್ಟು ದಿನದೊಳಗೆ, ಏನು ಹಿಡಿದುಕೊಂಡು ಎಂದು ಆ ಹೊತ್ತಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಕಾನೂನು ನೆರವಿನ ಮೇಜಿನ ಹಿಂದೆ ಕೂತು ಇಂಥ ಮನೆಯವರ ಜೊತೆ ಮಾತಾಡುವಾಗ ನಾನು ಮತ್ತೆ ಮತ್ತೆ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲ್ಮನವಿ ಎಂದರೆ ವಿಚಾರಣೆ ಮೊದಲಿನಿಂದ ಶುರುವಾಗುವುದಿಲ್ಲ. "ನನ್ನ ಮಗ ಅಂಥವನಲ್ಲ ಸ್ವಾಮಿ" ಎಂದು ಹೇಳಿಕೊಳ್ಳಲು ಅಲ್ಲಿ ಕಟಕಟೆಯೇ ಇರುವುದಿಲ್ಲ. ನ್ಯಾಯಮೂರ್ತಿಗಳ ಮುಂದಿರುವುದು ಕೆಳ ಕೋರ್ಟಿನ ಕಡತ ಮಾತ್ರ: ಸಾಕ್ಷಿಗಳ ಹೇಳಿಕೆ, ಪಾಟೀಸವಾಲು, ಮಹಜರು, ವರದಿಗಳು. ಆ ಕಡತದಲ್ಲಿ ಸುಳ್ಳು ಎಲ್ಲಿ ನುಸುಳಿದೆ ಎಂದು ವಕೀಲರಿಗಿಂತ ಚೆನ್ನಾಗಿ ಗೊತ್ತಿರುವುದು ಜೈಲಿನೊಳಗೆ ಕೂತಿರುವವರಿಗೇ. ಹಾಗಾಗಿ ಮನೆಯವರ ಮುಂದೆ ಎರಡು ಕೆಲಸಗಳಿವೆ. ಕಡತವನ್ನು ಅವರ ಕೈಗೆ ತಲುಪಿಸಬೇಕು. ಅದನ್ನು ಓದುವ ಸ್ಥಿತಿಯಲ್ಲಿ ಅವರನ್ನು ಉಳಿಸಿಕೊಳ್ಳಬೇಕು.

ಮೊದಲ ವಾರ: ಪ್ರತಿ, ತಾರೀಖು

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗದಲ್ಲಿ, ಕ್ರಿಮಿನಲ್ ಕೇಸು ನಡೆಯುವ ಕ್ರಮ ಹೇಳುವ ಕಾನೂನಾಗಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಿಮ್ಮ ಕಾಗದಗಳಲ್ಲಿ ಹಳೆಯ ಸೆಕ್ಷನ್ ನಂಬರುಗಳೇ ಇರಬಹುದು, ಅದಕ್ಕೆ ಎರಡನ್ನೂ ಕೊಡುತ್ತೇನೆ.

ಜೈಲುಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ಅಂದೇ ಉಚಿತವಾಗಿ ಕೊಡಬೇಕು (ಸೆಕ್ಷನ್ 404, ಹಿಂದಿನ 363). ಆ ಪ್ರತಿ ಅವರ ಜೊತೆ ಜೈಲಿಗೆ ಹೋಗುತ್ತದೆ, ಮನೆಯವರ ಕೈಗೆ ಸಿಗುವುದಿಲ್ಲ. ಆದ್ದರಿಂದ ಅವತ್ತೇ ಅಥವಾ ಮರುದಿನವೇ ನಕಲು ವಿಭಾಗದಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ. ತೀರ್ಪು ಮಾತ್ರ ಸಾಲದು. ಎಲ್ಲ ಸಾಕ್ಷಿಗಳ ಹೇಳಿಕೆ, ನಿಶಾನೆ ಬಿದ್ದ (ಸಾಕ್ಷ್ಯವೆಂದು ಕೋರ್ಟು ನಂಬರು ಹಾಕಿದ) ಎಲ್ಲ ದಾಖಲೆ, ಆರೋಪಿಯ ಹೇಳಿಕೆ, ಎಲ್ಲವನ್ನೂ ಕೇಳಿ.

ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟಿದ್ದರೆ ಮೇಲ್ಮನವಿ ಸಾಮಾನ್ಯವಾಗಿ ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ಸೆಷನ್ಸ್ ಕೋರ್ಟು ಕೊಟ್ಟಿದ್ದರೆ ಹೈಕೋರ್ಟಿಗೆ, 60 ದಿನದೊಳಗೆ. ಮರಣದಂಡನೆಯಾಗಿದ್ದರೆ 30 ದಿನ. ನಕಲಿಗೆ ಅರ್ಜಿ ಕೊಟ್ಟ ದಿನದಿಂದ ಅದು ಸಿದ್ಧವಾಗುವವರೆಗಿನ ದಿನಗಳನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ಪ್ರತಿಯ ಮೇಲೆ ಅರ್ಜಿಯ ತಾರೀಖು, ಸಿದ್ಧವಾದ ತಾರೀಖು ಎಂದು ಒತ್ತಿರುವ ಮೊಹರನ್ನು ಹರಿಯದಂತೆ, ಮಸುಕಾಗದಂತೆ ಕಾಪಾಡಿ. ಗಡುವು ದಾಟಿಹೋಗಿದ್ದರೂ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ತಡವಾದ ಕಾರಣ ಹೇಳಿ ಮನ್ನಾ ಕೇಳುವ ಅರ್ಜಿಯನ್ನು ಜೊತೆಗೆ ಹಾಕಬಹುದು. ಜೈಲಿನಲ್ಲಿದ್ದೆ, ಕೈಯಲ್ಲಿ ದುಡ್ಡಿರಲಿಲ್ಲ ಎಂಬ ಕಾರಣವನ್ನು ಕೋರ್ಟುಗಳು ಕಿವಿಗೊಟ್ಟು ಕೇಳುತ್ತವೆ.

ಕರ್ನಾಟಕದಲ್ಲಿ ಬೆಂಗಳೂರಿನ ಜೊತೆಗೆ ಧಾರವಾಡ, ಕಲಬುರಗಿಗಳಲ್ಲೂ ಹೈಕೋರ್ಟ್ ಪೀಠಗಳಿವೆ. ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೆ ಎಂದು ತಿಳಿದುಕೊಂಡೇ ವಕೀಲರನ್ನು ಹುಡುಕಿ. ಮೇಲ್ಮನವಿ ದಾಖಲಾದ ಮೇಲೆ ಸಿಗುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ನಂಬರನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿಟ್ಟುಕೊಂಡರೆ ಮುಂದಿನ ವಾಯಿದೆ ಯಾವಾಗ ಎಂದು ಯಾರನ್ನೂ ಗೋಗರೆಯಬೇಕಾಗಿಲ್ಲ.

ದುಡ್ಡಿಲ್ಲ ಎಂದು ಕೈಬಿಡಬೇಡಿ

ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಬಹುದು. ಇದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಕೊಟ್ಟ ಹಕ್ಕು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಬೇರೆ ಬೇರೆ ಸಮಿತಿಗಳಿವೆ. ಸಹಾಯವಾಣಿ 15100. ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯೂ ಮೇಲ್ಮನವಿಗೆ ವಕೀಲರೂ ಉಚಿತವಾಗಿ ಸಿಗಬೇಕು ಎಂದು ಎಂ.ಎಚ್. ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1978ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಸುಹಾಸ್ ಚಕ್ಮಾ ಪ್ರಕರಣದಲ್ಲಿ, ಶಿಕ್ಷೆಯ ತೀರ್ಪಿನ ಪ್ರತಿಗೇ ಉಚಿತ ನೆರವಿನ ಮಾಹಿತಿ ಹಾಳೆಯೊಂದನ್ನು ಲಗತ್ತಿಸುವ ಬಗ್ಗೆ ಹೈಕೋರ್ಟುಗಳು ಯೋಚಿಸಲಿ ಎಂದಿತು. 46 ವರ್ಷವಾದ ಮೇಲೂ ಇದನ್ನು ಹೇಳಬೇಕಾಗಿ ಬಂತು ಎಂದರೆ ಜೈಲಿನೊಳಗೆ ಎಷ್ಟು ಜನಕ್ಕೆ ಈ ಹಕ್ಕು ಗೊತ್ತಿದೆ ಎಂದು ನೀವೇ ಊಹಿಸಿ.

ಹೊರಗೆ ಓಡಾಡುವವರು ಯಾರೂ ಇಲ್ಲದಿದ್ದರೂ ಜೈಲಿನಿಂದಲೇ ಮೇಲ್ಮನವಿ ಹೋಗುತ್ತದೆ. ಅರ್ಜಿಯನ್ನು ಜೈಲು ಅಧಿಕಾರಿಗೆ ಕೊಟ್ಟರೆ ಅವರು ಅದನ್ನು ಮೇಲಿನ ಕೋರ್ಟಿಗೆ ಕಳಿಸಲೇಬೇಕು (ಸೆಕ್ಷನ್ 424, ಹಿಂದಿನ 383). ಆದರೆ ಇಲ್ಲೊಂದು ಎಡವಟ್ಟಾಗುತ್ತದೆ. ಒಳಗಿರುವವರು ಯಾರೋ ಹೇಳಿದರೆಂದು ಜೈಲಿನಿಂದ ಒಂದು ಅರ್ಜಿ ಕಳಿಸಿರುತ್ತಾರೆ. ಹೊರಗೆ ಮನೆಯವರು ಸಾಲ ಮಾಡಿ ಇನ್ನೊಬ್ಬ ವಕೀಲರನ್ನು ಹಿಡಿದಿರುತ್ತಾರೆ. ಒಂದೇ ತೀರ್ಪಿನ ಮೇಲೆ ಎರಡು ಮೇಲ್ಮನವಿ, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ವಕಾಲತ್ತಿಗೆ ಸಹಿ ಹಾಕಿಸಿ ಜೈಲು ಅಧಿಕಾರಿಯಿಂದ ದೃಢೀಕರಿಸಿಕೊಳ್ಳಲು ಹೋದಾಗಲೇ ಇದನ್ನು ಬಾಯಿಬಿಟ್ಟು ಕೇಳಿ: "ಇಲ್ಲಿಂದ ಏನಾದ್ರೂ ಕಳಿಸಿದೀಯಾ?"

ಉಚಿತ ವಕೀಲರೆಂದರೆ ಬೇಕಾಬಿಟ್ಟಿ ಕೆಲಸ ಎಂಬ ಮಾತು ಕೇಳಿರುತ್ತೀರಿ. ಕೆಲವರು ಹಾಗಿದ್ದಾರೆ, ಇಲ್ಲವೆನ್ನುವುದಿಲ್ಲ. ದೊಡ್ಡ ಫೀಸು ತಗೊಂಡೂ ಕಡತ ತೆರೆಯದವರು ಅದಕ್ಕಿಂತ ಕಡಿಮೆಯೇನಿಲ್ಲ. ಕೆಲಸ ಆಗುತ್ತಿಲ್ಲವೆಂದರೆ ವಕೀಲರನ್ನು ಬದಲಿಸಿಕೊಡಿ ಎಂದು ಪ್ರಾಧಿಕಾರಕ್ಕೆ ಲಿಖಿತವಾಗಿ ಕೇಳಿ. "ಜಡ್ಜು ನಮ್ಮೋರೇ" ಎನ್ನುವ ಮಧ್ಯವರ್ತಿಯ ಕೈಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.

ಶಿಕ್ಷೆ ಅಮಾನತು: ಮೇಲ್ಮನವಿಯ ಜೊತೆಗೇ

ಮೇಲ್ಮನವಿ ತೀರ್ಮಾನವಾಗಲು ವರ್ಷಗಳು ಹಿಡಿಯಬಹುದು. ಅಲ್ಲಿಯವರೆಗೆ ಜಾಮೀನಿನ ಮೇಲೆ ಬಿಡಿ ಎಂದು ಕೇಳುವ ಅರ್ಜಿಯೇ ಶಿಕ್ಷೆ ಅಮಾನತಿನ ಅರ್ಜಿ (ಸೆಕ್ಷನ್ 430, ಹಿಂದಿನ 389). ಶಿಕ್ಷೆ ಮೂರು ವರ್ಷ ಮೀರದಿದ್ದು, ವಿಚಾರಣೆಯ ಕಾಲದಲ್ಲಿ ಜಾಮೀನಿನ ಮೇಲಿದ್ದವರಾದರೆ, ಶಿಕ್ಷೆ ಕೊಟ್ಟ ಕೋರ್ಟೇ ಮೇಲ್ಮನವಿ ಹಾಕುವಷ್ಟು ಕಾಲ ಬಿಡಬಹುದು. ತೀರ್ಪಿನ ದಿನ ಕೋರ್ಟಿನ ಕೋಣೆಯಲ್ಲೇ ಈ ಅರ್ಜಿ ಕೈಯಲ್ಲಿರಬೇಕು. ಜಾಮೀನುದಾರರೂ ಬಾಗಿಲಲ್ಲೇ ಇರಬೇಕು.

ಜೀವಾವಧಿಯಾದರೆ ಅಷ್ಟು ಸುಲಭವಲ್ಲ. ಆದರೂ 1977ರ ಕಾಶ್ಮೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿದ ಪ್ರಶ್ನೆ ಈಗಲೂ ಕೆಲಸಕ್ಕೆ ಬರುತ್ತದೆ: ಮೇಲ್ಮನವಿಯನ್ನು ವರ್ಷಗಟ್ಟಲೆ ಕೇಳಲು ಆಗದ ಕೋರ್ಟು, ಕೊನೆಗೆ ನಿರಪರಾಧಿ ಎಂದು ಸಾಬೀತಾಗಬಹುದಾದ ಮನುಷ್ಯನನ್ನು ಅಷ್ಟೂ ವರ್ಷ ಒಳಗಿಡುವುದು ಯಾವ ನ್ಯಾಯ? ಎಷ್ಟು ದಿನ ಬಂಧನದಲ್ಲಿ ಕಳೆದಿದೆ ಎಂಬ ಜೈಲಿನ ಪ್ರಮಾಣಪತ್ರ, ಹಿಂದಿನ ಜಾಮೀನಿನ ಷರತ್ತು ಮುರಿದಿಲ್ಲ ಎಂಬುದಕ್ಕೆ ದಾಖಲೆ, ಕಾಯಿಲೆಯಿದ್ದರೆ ಜೈಲು ವೈದ್ಯರ ವರದಿ, ಇವಿಷ್ಟನ್ನು ಜೋಡಿಸಿಕೊಡಿ. ಒಮ್ಮೆ ತಿರಸ್ಕಾರವಾದರೆ ಮುಗಿಯಿತು ಎಂದಲ್ಲ. ಕಾಲ ಕಳೆದ ಮೇಲೆ, ಪರಿಸ್ಥಿತಿ ಬದಲಾದ ಮೇಲೆ ಮತ್ತೆ ಹಾಕಬಹುದು. ದಂಡ ಕಟ್ಟಿದರೆ ತಪ್ಪೊಪ್ಪಿಕೊಂಡ ಹಾಗಾಗುತ್ತದೆ ಎಂದು ಕೆಲವರು ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ.

ಒಳಗೆ ಬದುಕುವುದು

ವಿಚಾರಣಾಧೀನ ಕೈದಿಯಾಗಿದ್ದಾಗ ಎದುರು ನೋಡಲು ಮುಂದಿನ ವಾಯಿದೆ ಎಂಬುದೊಂದು ಇತ್ತು. ಸಜಾ ಕೈದಿಯಾದ ಮೇಲೆ ಅದೂ ಇಲ್ಲ. ಹೊಸ ನಂಬರು, ಬೇರೆ ಬ್ಯಾರಕ್ಕು, ಕಠಿಣ ಸಜೆಯಾದರೆ ಕೆಲಸದ ಪಾಳಿ. ತೀರ್ಪಿನ ನಂತರದ ಮೊದಲ ಕೆಲವು ವಾರಗಳೇ ಅತ್ಯಂತ ಕೆಟ್ಟವು. ಜೀವ ಬೇಡ ಎಂಬ ಮಾತು ಬಾಯಲ್ಲಿ ಬಂದರೆ, ಊಟ ಬಿಟ್ಟರೆ, ಭೇಟಿಗೆ ಬರಲು ನಿರಾಕರಿಸಿದರೆ ಅದನ್ನು ಮುನಿಸು ಎಂದು ತಳ್ಳಿಹಾಕಬೇಡಿ. ಅವತ್ತೇ ಜೈಲು ಅಧೀಕ್ಷಕರಿಗೆ ಲಿಖಿತವಾಗಿ ತಿಳಿಸಿ, ಮನೋವೈದ್ಯರಿಗೆ ತೋರಿಸಿ ಎಂದು ಕೇಳಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಹೊರಗಿರುವ ನಿಮ್ಮ ನಿದ್ದೆಯೂ ಹಾರಿಹೋಗಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮುಲಾಖತ್ತಿನ, ಅಂದರೆ ಜೈಲಿನ ಭೇಟಿಯ, ಸಮಯ ಚಿಕ್ಕದು. ಜಾಲರಿಯ ಆಚೆ ಈಚೆ ಹತ್ತು ಜನ ಒಟ್ಟಿಗೆ ಕೂಗುತ್ತಿರುತ್ತಾರೆ, ಮೊದಲ ಐದು ನಿಮಿಷ ಅಳುವಿನಲ್ಲೇ ಹೋಗುತ್ತದೆ. ಹಾಗಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಮನೆಯ ಸುದ್ದಿ ಎರಡು, ಕೇಸಿನ ಸುದ್ದಿ ಒಂದು, ಅವರನ್ನು ಕೇಳಬೇಕಾದ ಪ್ರಶ್ನೆ ಒಂದು. ಸುದ್ದಿ ಇಲ್ಲದಿದ್ದರೆ ಇಲ್ಲ ಎಂದೇ ಹೇಳಿ. "ಮುಂದಿನ ತಿಂಗಳು ಬಂದುಬಿಡ್ತೀಯ" ಎಂಬ ಸಮಾಧಾನದ ಸುಳ್ಳು ನಾಲ್ಕನೇ ತಿಂಗಳಿಗೆ ಕೊಲ್ಲತೊಡಗುತ್ತದೆ. ದೂರದವರಿಗೆ ಇ-ಮುಲಾಖಾತ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ವಿಡಿಯೊ ಭೇಟಿ ಕೇಳುವ ದಾರಿಯೂ ಇದೆ.

ಒಳಗಿರುವವರಿಗೆ ನಾನು ಹೇಳುವುದು ಇಷ್ಟು. ಕೆಲಸ ಕೇಳಿ ಪಡೆಯಿರಿ. ಕೂಲಿ ಸಣ್ಣದು, ಆದರೆ ಹಗಲು ಕಳೆಯುತ್ತದೆ, ಸನ್ನಡತೆಯ ದಾಖಲೆಯೂ ಬೆಳೆಯುತ್ತದೆ. ಜಾತಿ ನೋಡಿ ಗುಡಿಸುವ, ಶೌಚಾಲಯ ತೊಳೆಯುವ ಕೆಲಸ ಹಂಚಿದರೆ ಅದು ಕಾನೂನುಬಾಹಿರ. 2024ರ ಅಕ್ಟೋಬರ್‌ನಲ್ಲಿ ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನಿಲ್ಲಿಸಿದೆ. ಓದು ಅರ್ಧಕ್ಕೆ ನಿಂತಿದ್ದರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಕೇಂದ್ರ ನಿಮ್ಮ ಜೈಲಿನಲ್ಲಿದೆಯೇ ವಿಚಾರಿಸಿ. ನಿಮ್ಮ ಕೇಸಿನ ಕಥೆಯನ್ನು ಬ್ಯಾರಕ್ಕಿನಲ್ಲಿ ಎಲ್ಲರಿಗೂ ಬಿಚ್ಚಬೇಡಿ. "ನಾನು ತಪ್ಪು ಮಾಡಿಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳಿದರೆ ಅಲ್ಲಿ ನಗುವವರೇ ಹೆಚ್ಚು. ಅದನ್ನು ಪುಸ್ತಕದಲ್ಲಿ ಬರೆಯಿರಿ. ಯಾವ ಪುಸ್ತಕ ಎಂದು ಈಗ ಹೇಳುತ್ತೇನೆ.

ಕಡತ ಓದುವುದು: ಇಡೀ ಲೇಖನದಲ್ಲಿ ಮುಖ್ಯವಾದ ಕೆಲಸ

ದೃಢೀಕೃತ ಪ್ರತಿಗಳು ಕೈಗೆ ಬಂದ ಮೇಲೆ ಎರಡು ಜೆರಾಕ್ಸ್ ಸೆಟ್ ಮಾಡಿಸಿ. ಮೂಲ ವಕೀಲರಿಗೆ, ಒಂದು ಸೆಟ್ ಮನೆಗೆ, ಒಂದು ಜೈಲಿಗೆ. ಜೊತೆಗೊಂದು ಇನ್ನೂರು ಪುಟದ ನೋಟುಬುಕ್ಕು. ಓದು ಬರದವರಾದರೆ ಜೈಲಿನ ಕಾನೂನು ನೆರವು ಕೇಂದ್ರದ ಸ್ವಯಂಸೇವಕರು ಓದಿ ಹೇಳುತ್ತಾರೆ. ಪ್ರತಿ ಸಾಕ್ಷಿಗೆ ಎರಡು ಪುಟ. ಎಡಗಡೆ ಸಾಕ್ಷಿ ಏನು ಹೇಳಿದ, ಬಲಗಡೆ ನಿಜವಾಗಿ ಏನಾಯಿತು ಮತ್ತು ಅದಕ್ಕೆ ಯಾವ ಕಾಗದ ಆಧಾರ. ಬೈಗುಳ ಬೇಡ. ಪುಟದ ನಂಬರು ಬೇಕು.

ಹೇಗೆ ಓದಬೇಕು ಎಂದು ಒಂದು ಕಲ್ಪಿತ ಉದಾಹರಣೆಯಿಂದ ತೋರಿಸುತ್ತೇನೆ. ಕೊಲೆ ಕೇಸಿನ ಕಡತ ಎಂದಿಟ್ಟುಕೊಳ್ಳಿ. ಆರೋಪಿಯೇ ತೋರಿಸಿಕೊಟ್ಟ ಎನ್ನುವ ಚಾಕುವಿನ ಜಪ್ತಿ ಮಹಜರು ಒಂದು ಕಡೆ. ಅದರ ತುದಿಯಲ್ಲಿ ಬರೆದಿದೆ: "ಸಂಜೆ 4ರಿಂದ 5-15ರವರೆಗೆ." ಇನ್ನೊಂದು ಕಡೆ ಬಂಧನದ ಮೆಮೊ, ಸಮಯ ರಾತ್ರಿ 7-30. ಅದೇ ಆರೋಪಿಯದ್ದು ಎನ್ನುವ "ಸ್ವಇಚ್ಛಾ ಹೇಳಿಕೆ"ಯಲ್ಲಿ ಸಮಯವೇ ಇಲ್ಲ. ಹಾಗಾದರೆ ಬಂಧನಕ್ಕೆ ಮುಂಚೆಯೇ ಅವನು ಪೊಲೀಸರ ವಶದಲ್ಲಿದ್ದನೇ? ಇಲ್ಲ, ಚಾಕು ಎಲ್ಲಿದೆ ಎಂಬುದು ಅವನು ಹೇಳುವ ಮುಂಚೆಯೇ ಪೊಲೀಸರಿಗೆ ಗೊತ್ತಿತ್ತೇ? ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಆ ಹೇಳಿಕೆಯಿಂದ ಹೊಸದಾಗಿ ಏನು ಪತ್ತೆಯಾಯಿತೋ ಅಷ್ಟು ಭಾಗ ಮಾತ್ರ ನಿಲ್ಲುತ್ತದೆ (ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 23, ಹಿಂದಿನ 25 ಮತ್ತು 27). ಪತ್ತೆ ಮೊದಲೇ ಆಗಿದ್ದರೆ ಆ ಭಾಗವೂ ಅಲುಗಾಡುತ್ತದೆ. ಇನ್ನು ಚಾಕುವಿನ ಪೊಟ್ಟಣ ನೋಡಿ. ಮಹಜರಿನಲ್ಲಿ ಒತ್ತಿದ್ದು ಒಂದು ಅಕ್ಷರದ ಸೀಲು. ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ ಬಂದದ್ದು ಬೇರೆ ಅಕ್ಷರದ್ದು, ಅದೂ 40 ದಿನದ ಮೇಲೆ. ನಡುವೆ ಆ ಪೊಟ್ಟಣ ಎಲ್ಲಿತ್ತು? ಮಹಜರಿಗೆ ಸಹಿ ಹಾಕಿದ ಪಂಚ ಸಾಕ್ಷಿಯ ಪಾಟೀಸವಾಲಿಗೆ ಬನ್ನಿ: "ಠಾಣೆಯಲ್ಲಿ ಸಹಿ ಹಾಕಿದೆ" ಎಂಬ ಮೂರು ಪದ, ಎರಡು ಉದ್ದ ವಾಕ್ಯಗಳ ನಡುವೆ ಹುದುಗಿಕೊಂಡಿದೆ. ಇಂಥ ಮೂರು ಪದ ಕೆಳ ಕೋರ್ಟಿನ ತೀರ್ಪಿನಲ್ಲಿ ಕಾಣಿಸದೇ ಹೋಗಿರಬಹುದು. ಹೈಕೋರ್ಟಿನಲ್ಲಿ ವಾದ ನಿಲ್ಲುವುದು ಅವುಗಳ ಮೇಲೆಯೇ.

ಕಣ್ಣಾರೆ ಕಂಡವರಿಲ್ಲದೆ ಬರೀ ಸಂದರ್ಭಗಳ ಮೇಲೆ ಶಿಕ್ಷೆಯಾಗಿದ್ದರೆ, 1984ರ ಶರದ್ ಬಿರ್ದಿಚಂದ್ ಸಾರ್ದಾ ತೀರ್ಪು ಕೊಟ್ಟ ಐದು ಸೂತ್ರಗಳನ್ನು ವಕೀಲರು ಖಂಡಿತ ಎತ್ತುತ್ತಾರೆ. ಅದರ ತಿರುಳು ಇಷ್ಟೇ: ಸಂದರ್ಭಗಳ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು, ಆರೋಪಿ ನಿರಪರಾಧಿ ಎಂಬ ಊಹೆಗೆ ಎಲ್ಲೂ ಜಾಗ ಉಳಿದಿರಬಾರದು. ನೋಟುಬುಕ್ಕಿನಲ್ಲಿ ಆ ಕೊಂಡಿಗಳನ್ನು ಒಂದೊಂದಾಗಿ ಬರೆದು, ಸಡಿಲ ಯಾವುದು ಎಂದು ಗುರುತು ಹಾಕಿ.

ಒಂದು ಕಡೆ ಮಾತ್ರ ನಿಮ್ಮ ಮೇಲೆ ನೀವೇ ನಿಷ್ಠುರರಾಗಬೇಕು. ಸಾಕ್ಷ್ಯ ಮುಗಿದ ಮೇಲೆ ಜಡ್ಜು ಆರೋಪಿಯನ್ನೇ ಪ್ರಶ್ನೆ ಕೇಳಿರುತ್ತಾರೆ (ಸೆಕ್ಷನ್ 351, ಹಿಂದಿನ 313). ಬಹುಪಾಲು ಜನ ಎಲ್ಲದಕ್ಕೂ "ಸುಳ್ಳು", "ಗೊತ್ತಿಲ್ಲ" ಎಂದು ಹೇಳಿ ಬಂದಿರುತ್ತಾರೆ. ಆ ದಿನ ಬೇರೆ ಊರಲ್ಲಿದ್ದೆ ಎಂಬ ಮಾತನ್ನು ಅಲ್ಲಿ ಹೇಳದೆ ಈಗ ಹೇಳಿದರೆ ಅದರ ತೂಕ ಇಳಿಯುತ್ತದೆ. ಹೇಳಿಲ್ಲವಾದರೆ ಏಕೆ ಹೇಳಲಿಲ್ಲ ಎಂಬುದನ್ನು ವಕೀಲರಿಗೆ ನಿಜವಾಗಿ ತಿಳಿಸಿ.

ಹೊಸ ಸಾಕ್ಷ್ಯ ಸಿಕ್ಕರೆ

ಮೇಲ್ಮನವಿಯಲ್ಲೂ ಹೆಚ್ಚುವರಿ ಸಾಕ್ಷ್ಯ ತರಲು ಅವಕಾಶವಿದೆ (ಸೆಕ್ಷನ್ 432, ಹಿಂದಿನ 391), ಆದರೆ ಅಗತ್ಯವೆಂದು ಕೋರ್ಟಿಗೆ ಅನ್ನಿಸಬೇಕು. ಠಾಣೆಯ, ಆಸ್ಪತ್ರೆಯ ದಾಖಲೆಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವು, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಫೋನ್ ಕರೆಗಳ ವಿವರ, ಠಾಣೆಯ ಸಿಸಿಟಿವಿ ದೃಶ್ಯಗಳು ಕೆಲಕಾಲದ ನಂತರ ಅಳಿಸಿಹೋಗುವಂಥವು. ಕಾದಿಡಿ ಎಂಬ ಕೋರಿಕೆಯನ್ನು ವಕೀಲರ ಮೂಲಕ ಇಂದೇ ಕಳಿಸಿ.

ಸಾಕ್ಷಿಯ ಮನೆಗೆ ಮಾತ್ರ ಹೋಗಬೇಡಿ. "ನಿಜ ಹೇಳಪ್ಪಾ" ಎಂದು ಕೈಮುಗಿದು ಕೇಳಿದ್ದೂ ನಾಳೆ ಬೆದರಿಕೆ ಎಂದಾಗುತ್ತದೆ. ಅಮಾನತು ಕೇಳುವಾಗ ಅದೇ ಕೊರಳಿಗೆ ಸುತ್ತಿಕೊಳ್ಳುತ್ತದೆ. ಸಾಕ್ಷಿ ತಾನಾಗಿ ಬಂದು ಸುಳ್ಳು ಹೇಳಿದೆ ಎಂದರೂ ನೇರ ವಕೀಲರ ಬಳಿ ಕಳಿಸಿ.

ಹೈಕೋರ್ಟಿನಲ್ಲೂ ಸೋತರೆ

90 ದಿನದೊಳಗೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ. ಅಲ್ಲಿ ಎಲ್ಲ ಅರ್ಜಿಗೂ ಅನುಮತಿ ಸಿಗುವುದಿಲ್ಲ, ಆಸೆಯನ್ನು ಅಳೆದು ಇಟ್ಟುಕೊಳ್ಳಿ. ಕೆಳ ಕೋರ್ಟು ಬಿಟ್ಟಿದ್ದವರಿಗೆ ಹೈಕೋರ್ಟು ಜೀವಾವಧಿ, ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಅಥವಾ ಮರಣದಂಡನೆ ಕೊಟ್ಟಿದ್ದರೆ ಮಾತ್ರ ಮೇಲ್ಮನವಿ ಹಕ್ಕಾಗಿಯೇ ಇದೆ. ಅದರ ನಂತರ ಮರುಪರಿಶೀಲನಾ ಅರ್ಜಿ, ಅದೂ ಸೋತರೆ ಸುಪ್ರೀಂ ಕೋರ್ಟನ್ನೇ ಕೊನೆಯ ಸಲ ಕೇಳುವ ಕ್ಯುರೇಟಿವ್ ಅರ್ಜಿ.

ಕೊನೆಯ ಬಾಗಿಲು ತೆರೆದದ್ದೂ ಉಂಟು. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಅಲೆಮಾರಿ ಸಮುದಾಯದ ಆರು ಜನಕ್ಕೆ 2009ರಲ್ಲಿ ಸುಪ್ರೀಂ ಕೋರ್ಟೇ ಮರಣದಂಡನೆ ವಿಧಿಸಿತ್ತು. ತನ್ನ ತೀರ್ಪನ್ನು ತಾನೇ ಮತ್ತೆ ತೆರೆದು ನೋಡಿ, 2019ರ ಮಾರ್ಚ್ 5ರಂದು ಆರೂ ಜನರನ್ನು ಖುಲಾಸೆ ಮಾಡಿತು. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ರಾಜ್ಯಕ್ಕೆ ಹೇಳಿತು. ಅಷ್ಟು ಹೊತ್ತಿಗೆ ಸುಮಾರು 16 ವರ್ಷ ಕಳೆದಿತ್ತು.

ಈ ನಡುವೆ ಅವಧಿಪೂರ್ವ ಬಿಡುಗಡೆಗೋ ರಾಜ್ಯಪಾಲರ ಕ್ಷಮಾದಾನಕ್ಕೋ ಅರ್ಜಿ ಹಾಕಿ ಎಂದು ಯಾರಾದರೂ ಹೇಳುತ್ತಾರೆ. ಹಾಕಬಹುದು, ಹಾಕಿ. ಆದರೆ ಕ್ಷಮೆ ಸಿಕ್ಕರೆ ಶಿಕ್ಷೆ ಹೋಗುತ್ತದೆಯೇ ಹೊರತು ಕೋರ್ಟು ನಿರಪರಾಧಿ ಎಂದ ಹಾಗಾಗುವುದಿಲ್ಲ. ಅಚ್ಚು ಹಾಕಿದ ನಮೂನೆಗಳಲ್ಲಿ "ನಾನು ಮಾಡಿದ ತಪ್ಪಿಗೆ ಪಶ್ಚಾತ್ತಾಪ ಪಡುತ್ತೇನೆ" ಎಂಬ ಸಾಲು ಇದ್ದರೆ, ಮೇಲ್ಮನವಿ ಬಾಕಿಯಿರುವಾಗ ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ. ವಯಸ್ಸು, ಕಾಯಿಲೆ, ಕಳೆದ ವರ್ಷಗಳು, ಸನ್ನಡತೆ ಇವುಗಳ ಮೇಲೆಯೇ ಅರ್ಜಿ ಬರೆಯಬಹುದು.

ಖುಲಾಸೆಯಾದ ಮೇಲೆ

ತೀರ್ಪು ಬಂದ ದಿನವೇ ಹೊರಬರುತ್ತಾರೆ ಎಂದುಕೊಂಡು ಜೈಲಿನ ಗೇಟಿನಲ್ಲಿ ರಾತ್ರಿಯವರೆಗೆ ಕಾಯಬೇಡಿ. ಆದೇಶ ಜೈಲಿಗೆ ತಲುಪಬೇಕು, ಬೇರೆ ಕೇಸು ಬಾಕಿ ಇಲ್ಲವೆಂದು ನೋಡಬೇಕು. ಮೇಲಿನ ಕೋರ್ಟು ಕರೆದರೆ ಬರುತ್ತೇನೆ ಎಂದು ಆರು ತಿಂಗಳ ಬಾಂಡ್ ಕೇಳುವುದೂ ಉಂಟು (ಸೆಕ್ಷನ್ 481, ಹಿಂದಿನ 437ಎ). ಅದಕ್ಕೆ ಜಾಮೀನುದಾರರು ಬೇಕಾಗಬಹುದು, ಮೊದಲೇ ಹೇಳಿಟ್ಟಿರಿ.

ಪರಿಹಾರದ ವಿಷಯದಲ್ಲಿ ನಮ್ಮ ಕಾನೂನು ಬಡವು. ಆಧಾರವಿಲ್ಲದೆ ಬಂಧನ ಮಾಡಿಸಿದವರಿಂದ ಮ್ಯಾಜಿಸ್ಟ್ರೇಟ್ ಕೊಡಿಸಬಹುದಾದ ಮೊತ್ತಕ್ಕೆ ಸೆಕ್ಷನ್ 399 ಇಟ್ಟಿರುವ ಮಿತಿ ಒಂದು ಸಾವಿರ ರೂಪಾಯಿ. ಸೊನ್ನೆ ಬಿಟ್ಟುಹೋಗಿಲ್ಲ, ಸಾವಿರವೇ. ತಪ್ಪು ಮೊಕದ್ದಮೆಗೆ ಪರಿಹಾರ ಕೊಡಲು ವಿಶೇಷ ನ್ಯಾಯಾಲಯಗಳು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಹೇಳಿತು. ಅದು ವರದಿಯಾಗಿಯೇ ಉಳಿದಿದೆ. ಹಾಗಾಗಿ ಉಳಿದಿರುವ ದಾರಿ ಎರಡು. ಒಂದು, ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು ಹೈಕೋರ್ಟಿಗೆ ರಿಟ್ ಅರ್ಜಿ. 1968ರಲ್ಲೇ ಖುಲಾಸೆಯಾಗಿದ್ದರೂ 14 ವರ್ಷ ಬಿಹಾರದ ಜೈಲಿನಲ್ಲೇ ಉಳಿದಿದ್ದ ರುದುಲ್ ಸಾಹ್ ಪ್ರಕರಣದಲ್ಲಿ 1983ರಲ್ಲಿ ಸುಪ್ರೀಂ ಕೋರ್ಟ್ ಈ ದಾರಿ ತೆರೆಯಿತು. ಅಂದು ಸಿಕ್ಕಿದ್ದು ಒಟ್ಟು 35,000 ರೂಪಾಯಿ. ಇನ್ನೊಂದು, ದುರುದ್ದೇಶದಿಂದ ಮೊಕದ್ದಮೆ ಹೂಡಿದ್ದಕ್ಕೆ ಸಿವಿಲ್ ದಾವೆ. ದುರುದ್ದೇಶವಿತ್ತೆಂದು ಸಾಬೀತು ಮಾಡಬೇಕಾದವರು ನೀವೇ.

ಈ ಸಿವಿಲ್ ದಾವೆಗೂ ಒಂದು ತಾರೀಖು ಇದೆ: ಖುಲಾಸೆಯಾದ ದಿನದಿಂದ ಒಂದೇ ವರ್ಷ. ಬಹಳ ಮನೆಗಳಲ್ಲಿ ಆ ವರ್ಷ ಸಾಲ ತೀರಿಸುವುದರಲ್ಲಿ, ಕೆಲಸ ಹುಡುಕುವುದರಲ್ಲಿ, ಗೊತ್ತೇ ಆಗದೆ ಕಳೆದುಹೋಗುತ್ತದೆ. ಆದ್ದರಿಂದ ಖುಲಾಸೆ ತೀರ್ಪಿನ ದೃಢೀಕೃತ ಪ್ರತಿಗೂ ಮೊದಲ ವಾರದಲ್ಲೇ ಅರ್ಜಿ ಹಾಕಿ, ಮೂರು ಪ್ರತಿ ತೆಗೆದಿಡಿ. ಒಂದು ಈ ದಾವೆಗೆ. ಒಂದು ಠಾಣೆಗೆ, ಅವರ ದಾಖಲೆಯಲ್ಲಿ ಹಳೆಯ ಹೆಸರು ಹಾಗೇ ಉಳಿಯದಂತೆ ಅರ್ಜಿಯ ಜೊತೆ ಕೊಟ್ಟು ಸ್ವೀಕೃತಿ ಪಡೆಯಲು. ಮೂರನೆಯದು ಮನೆಯಲ್ಲಿ, ಆ ನೋಟುಬುಕ್ಕಿನ ಜೊತೆ ಇರಲಿ.